ಹೆಸರೂ ಒಂದು ಸೊತ್ತು

2025ರ ಅಕ್ಟೋಬರ್‌ನಲ್ಲಿ ಹರ್ಯಾಣದ ಅಂಬಾಲದ ವೃದ್ಧೆಯೋರ್ವರು ಬರೆದ ದೂರನ್ನು ಆಧರಿಸಿ ಸುಪ್ರೀಮ್ ಕೋರ್ಟು ಸ್ವಯಂಪ್ರೇರಿತವಾಗಿ ಪ್ರಕರಣವೊಂದನ್ನು ಕೈಗೆತ್ತಿಕೊಂಡಿತು. ಆ ವೃದ್ಧ ದಂಪತಿಯಿಂದ ವಂಚಕರು ದೋಚಿದ್ದು 1 ಕೋಟಿ ರೂಪಾಯಿಗೂ ಅಧಿಕ. ದೋಚುವುದಕ್ಕೆ ಅವರು ಬಳಸಿದ ಆಯುಧವೇ ಸುಪ್ರೀಮ್ ಕೋರ್ಟಿನ ಹೆಸರಿನ ನಕಲಿ ಆದೇಶಪತ್ರಗಳು. ‘ನಿಮ್ಮ ಮೇಲೆ ಮೊಕದ್ದಮೆ ಇದೆ, ನೀವೀಗ ಡಿಜಿಟಲ್ ಬಂಧನದಲ್ಲಿದ್ದೀರಿ, ಕ್ಯಾಮರಾದ ಮುಂದಿನಿಂದ ಕದಲಬೇಡಿ’ ಎಂಬ ಬೆದರಿಕೆಯ ಮುಂದೆ ಒಂದಿಡೀ ಜೀವಮಾನದ ಗಳಿಕೆ ಕರಗಿ ಹೋಯಿತು. ಅದೇ ವರ್ಷದ ಡಿಸೆಂಬರ್ 1ರಂದು ಇಂಥ ಪ್ರಕರಣಗಳ ತನಿಖೆಯನ್ನು ನ್ಯಾಯಾಲಯವು ಸಿಬಿಐಗೆ ಒಪ್ಪಿಸಿತು. ಸಂಸತ್ತಿಗೆ ಸರಕಾರ ನೀಡಿದ ಲೆಕ್ಕದ ಪ್ರಕಾರ, 2024ರಲ್ಲಿ ಸೈಬರ್ ವಂಚಕರಿಂದಾಗಿ ಈ ದೇಶದ ಜನರು ಕಳೆದುಕೊಂಡದ್ದು 22,845 ಕೋಟಿ ರೂಪಾಯಿ. 2023ರಲ್ಲಿ ಈ ಮೊತ್ತ 7,465 ಕೋಟಿಯಷ್ಟಿತ್ತು. ಒಂದೇ ವರ್ಷದಲ್ಲಿ ಮೂರು ಪಟ್ಟು.

ಡಿಜಿಟಲ್ ಬಂಧನ ಎಂಬುದೊಂದು ಈ ದೇಶದ ಯಾವ ಕಾನೂನಿನಲ್ಲೂ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇಲ್ಲ, ಅದಕ್ಕಿಂತ ಮೊದಲಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇರಲಿಲ್ಲ. ಓರ್ವ ವ್ಯಕ್ತಿಯನ್ನು ಬಂಧಿಸಬೇಕಾದರೆ ಪೊಲೀಸರು ಆತನ ಮುಂದೆ ಬಂದು ನಿಲ್ಲಬೇಕು. ವೀಡಿಯೋ ಕರೆಯಲ್ಲಿ ಸಮವಸ್ತ್ರ ತೊಟ್ಟು ಕುಳಿತವನು ಯಾರನ್ನೂ ಬಂಧಿಸಲಾರ, ‘ಪರಿಶೀಲನೆಗಾಗಿ’ ಹಣವನ್ನು ತನ್ನ ಖಾತೆಗೆ ವರ್ಗಾಯಿಸಿಕೊಳ್ಳಲಾರ. ಸ್ವತಃ ಪ್ರಧಾನಿಯೇ 2024ರ ಅಕ್ಟೋಬರ್‌ನ ಮನ್ ಕಿ ಬಾತ್‌ನಲ್ಲಿ ಇದನ್ನು ಹೇಳಿದ್ದರು. ಹಾಗಿದ್ದೂ ವಿದ್ಯಾವಂತರು, ನಿವೃತ್ತ ಅಧಿಕಾರಿಗಳು, ವೈದ್ಯರು ಇದಕ್ಕೆ ಬಲಿಯಾಗುತ್ತಿದ್ದಾರೆಂದರೆ, ಸಮಸ್ಯೆ ತಿಳಿವಳಿಕೆಯ ಕೊರತೆಯೊಂದೇ ಆಗಿರಲು ಸಾಧ್ಯವಿಲ್ಲ. ವಂಚಕನ ನಿಜವಾದ ಬಂಡವಾಳ ಭಯ.

ಈ ಭಯಕ್ಕೆ ಎಲ್ಲ ಮನೆಗಳಲ್ಲೂ ಒಂದೇ ತೂಕ ಇಲ್ಲ. ‘ನಿಮ್ಮ ಆಧಾರ್ ಕಾರ್ಡ್ ಅಕ್ರಮ ಹಣ ಸಾಗಾಟದ ಪ್ರಕರಣದಲ್ಲಿ ಸಿಕ್ಕಿದೆ, ಭಯೋತ್ಪಾದಕರ ಖಾತೆಯಲ್ಲಿ ನಿಮ್ಮ ಹೆಸರಿದೆ’ ಎಂಬ ಕರೆ ಬೆಂಗಳೂರಿನ ಮೇಲ್ಮಧ್ಯಮ ವರ್ಗದ ಮನೆಯೊಂದಕ್ಕೆ ಬಂದರೆ ಅಲ್ಲಿ ಸಿಟ್ಟೋ ಗೊಂದಲವೋ ಹುಟ್ಟಬಹುದು. ಅದೇ ಕರೆ ಭಟ್ಕಳದಲ್ಲೋ ಉಳ್ಳಾಲದಲ್ಲೋ ಕಲಬುರಗಿಯ ಓಣಿಯೊಂದರಲ್ಲೋ ಇರುವ ಮುಸ್ಲಿಮ್ ತಾಯಿಯೊಬ್ಬಳ ಮೊಬೈಲ್‌ಗೆ ಬಂದರೆ, ಆಕೆಗೆ ಮೊದಲು ನೆನಪಾಗುವುದು ವರ್ಷಾನುಗಟ್ಟಲೆ ಜೈಲಿನಲ್ಲಿ ಕೊಳೆತು ಕೊನೆಗೆ ನಿರಪರಾಧಿಗಳೆಂದು ಹೊರಬಂದ ಯುವಕರ ಮುಖಗಳು. ತಾನು ಏನೂ ಮಾಡಿಲ್ಲ ಎಂಬುದು ಆಕೆಗೆ ಗೊತ್ತಿದೆ. ಆದರೆ ಏನೂ ಮಾಡದಿರುವುದು ರಕ್ಷಣೆಯಲ್ಲ ಎಂಬುದೂ ಆಕೆಗೆ ಗೊತ್ತಿದೆ. ವಂಚಕನು ಈ ಸಮುದಾಯದ ಇತಿಹಾಸವನ್ನು ಅಧ್ಯಯನ ಮಾಡಿರಬೇಕೆಂದಿಲ್ಲ, ಬಾಗಿಲು ಎಲ್ಲಿ ಸಡಿಲವಿದೆ ಎಂದು ಕಳ್ಳನಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಇಂಥ ಪ್ರತಿ ಕರೆಯಲ್ಲೂ ಒಂದು ಮಾತು ತಪ್ಪದೇ ಇರುತ್ತದೆ: ‘ಇದನ್ನು ಮನೆಯಲ್ಲಿ ಯಾರಿಗೂ ಹೇಳಬೇಡಿ.’ ಆ ಒಂದು ವಾಕ್ಯವನ್ನು ಗುರುತಿಸಲು ಕಲಿತರೆ ಅರ್ಧ ಅಪಾಯ ಕಳೆಯಿತು. ಸಮನ್ಸ್ ಬಂದವನು ವಕೀಲರನ್ನು ಕಾಣುವುದನ್ನು, ಬಂಧಿತನು ಮನೆಯವರಿಗೆ ತಿಳಿಸುವುದನ್ನು ಕಾನೂನೇ ಹಕ್ಕಾಗಿ ಕೊಟ್ಟಿದೆ. ಯಾರಿಗೂ ಹೇಳಬೇಡಿ ಎನ್ನುವವನು ಪೊಲೀಸನಲ್ಲ. ಆ ಕ್ಷಣದಲ್ಲಿ ಕರೆ ಕತ್ತರಿಸಿ ಮಗನನ್ನೋ ನೆರೆಯವರನ್ನೋ ಕೂಗಿ ಕರೆದರೆ ಸಾಕು, ಆತನ ಇಡೀ ನಾಟಕದ ಪರದೆ ಬೀಳುತ್ತದೆ.

ಅಷ್ಟಕ್ಕೂ, ನಮ್ಮ ಹೆಸರು, ವಿಳಾಸ, ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಇವೆಲ್ಲ ಆತನ ಕೈಗೆ ಸಿಕ್ಕಿದ್ದಾದರೂ ಹೇಗೆ?

ಹೆಚ್ಚಿನ ಸಂದರ್ಭಗಳಲ್ಲಿ ಕೊಟ್ಟವರು ನಾವೇ. ಸಿಮ್ ಖರೀದಿಗೆ ಒಂದು ಪ್ರತಿ, ವಿದ್ಯಾರ್ಥಿ ವೇತನದ ಅರ್ಜಿಗೆ ಒಂದು, ಮದುವೆ ಮಂಟಪಕ್ಕೆ ಒಂದು, ಉಮ್ರಾ ಏಜೆಂಟರಿಗೆ ಒಂದು, ಲಾಡ್ಜಿಗೆ ಒಂದು, ಬಾಡಿಗೆ ಮನೆಗೆ ಒಂದು. ಝೆರಾಕ್ಸ್ ಅಂಗಡಿಯ ಕಸದ ಬುಟ್ಟಿಯನ್ನೊಮ್ಮೆ ನೋಡಿದರೆ ಊರಿನ ಅರ್ಧದಷ್ಟು ಮಂದಿಯ ಮುಖಗಳು ಅಲ್ಲಿ ಮಸುಕಾಗಿ ನಗುತ್ತಿರುತ್ತವೆ. ಚಿನ್ನದ ಬಳೆಯನ್ನು ಕಪಾಟಿನಲ್ಲಿಟ್ಟು ಎರಡು ಸುತ್ತು ಬೀಗ ತಿರುಗಿಸುವ ನಾವು, ಆ ಬಳೆಯಷ್ಟೇ ಬೆಲೆಬಾಳುವ ಸೊತ್ತೊಂದನ್ನು ಕೇಳಿದವರಿಗೆಲ್ಲ ಎರಡೆರಡು ಪ್ರತಿ ಕೊಟ್ಟು ಬರುತ್ತೇವೆ. ಸುರಕ್ಷಿತವಾಗಿರಲಿ ಎಂದು ಮೂರನೆಯದನ್ನು ವಾಟ್ಸ್ಆ್ಯಪ್‌ನಲ್ಲೂ ಕಳುಹಿಸುತ್ತೇವೆ.

ಹಾಗಂತ ತಪ್ಪು ಜನರದ್ದು ಮಾತ್ರ ಎಂದು ಹೇಳಿ ಸರಕಾರ ಕೈತೊಳೆದುಕೊಳ್ಳುವಂತಿಲ್ಲ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು ಒಂದು ಪ್ರಕಟಣೆ ಹೊರಡಿಸಿ, ಆಧಾರ್‌ನ ಪ್ರತಿಯನ್ನು ಯಾವುದೇ ಸಂಸ್ಥೆಗೆ ಕೊಡಬೇಡಿ, ಅದರ ದುರುಪಯೋಗವಾಗಬಹುದು, ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕೆಗಳು ಮಾತ್ರ ಕಾಣುವ ಮುಸುಕಿದ ಆಧಾರ್ ಕೊಡಿ ಎಂದು ಎಚ್ಚರಿಸಿತು. ಎರಡೇ ದಿನಗಳಲ್ಲಿ ಕೇಂದ್ರ ಸರಕಾರವು ‘ತಪ್ಪು ಅರ್ಥೈಸುವಿಕೆಗೆ ಆಸ್ಪದ’ ಇದೆಯೆಂದು ಹೇಳಿ ಅದನ್ನು ಹಿಂದೆಗೆದುಕೊಂಡಿತು. ಎಚ್ಚರಿಕೆ ನೀಡಿದ್ದು ಸರಿಯಾಗಿತ್ತು, ಹಿಂಪಡೆದದ್ದು ತಪ್ಪಾಗಿತ್ತು ಎಂಬುದೇ ನಮ್ಮ ಅಭಿಪ್ರಾಯ. ಪ್ರತಿ ಕೌಂಟರ್‌ನಲ್ಲೂ ಆಧಾರ್ ಕೇಳುವ ವ್ಯವಸ್ಥೆಯೊಂದು, ಜನರಿಗೆ ಮಾತ್ರ ‘ಸಾಮಾನ್ಯ ಜಾಗರೂಕತೆ’ ವಹಿಸಿ ಎಂದು ಹೇಳುವುದು ಬಾಗಿಲನ್ನು ಕಿತ್ತೊಯ್ದವನು ಕಳ್ಳರಿದ್ದಾರೆ ಹುಷಾರು ಅಂದಂತೆ.

ಇದು ಬರಿಯ ಆತಂಕವಲ್ಲ. 2023ರಲ್ಲಿ ಮಂಗಳೂರಿನಲ್ಲಿ, ಆಸ್ತಿ ನೋಂದಣಿಗೆಂದು ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದವರ ಬ್ಯಾಂಕ್ ಖಾತೆಗಳಿಂದ ಹಣ ಮಾಯವಾದ ದೂರುಗಳು ಒಂದರ ಹಿಂದೆ ಒಂದರಂತೆ ದಾಖಲಾದುವು. ಆ ಜನರು ಯಾರಿಗೂ ಓಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಹಣ ತೆಗೆಯಬಹುದು. ದಾಖಲೆಪತ್ರದಲ್ಲಿ ಅಚ್ಚಾಗಿದ್ದ ಬೆರಳಚ್ಚನ್ನೇ ನಕಲು ಮಾಡಿ ಹಣ ಎತ್ತಲಾಗಿತ್ತು. ಪಾಸ್‌ವರ್ಡನ್ನು ಬದಲಿಸಬಹುದು, ಬೆರಳನ್ನು ಬದಲಿಸುವುದು ಹೇಗೆ? ಬದಲಿಸಲು ಸಾಧ್ಯವಿಲ್ಲದ ಕಾರಣ ಅದಕ್ಕೆ ಬೀಗ ಹಾಕಬೇಕು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಅದರ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಎಂಬ ಸೌಲಭ್ಯ ಉಚಿತವಾಗಿಯೇ ಇದೆ. ಒಮ್ಮೆ ಲಾಕ್ ಮಾಡಿದರೆ ನಿಮ್ಮ ಬೆರಳಚ್ಚಿನಿಂದ ಯಾವ ವ್ಯವಹಾರವೂ ನಡೆಯದು. ಪಡಿತರ ಅಂಗಡಿಯಲ್ಲಿ ಬೆರಳು ಒತ್ತಬೇಕಾದ ದಿನ ತಾತ್ಕಾಲಿಕವಾಗಿ ತೆರೆದುಕೊಳ್ಳಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು ಎಂಬುದಷ್ಟೇ ಶರತ್ತು. ನಮ್ಮ ಎಷ್ಟು ಮನೆಗಳಲ್ಲಿ ಆ ಸಂಖ್ಯೆ ಗಲ್ಫ್‌ಗೆ ಹೋದ ಮಗನ ಹಳೆಯ ಸಿಮ್‌ನದ್ದಾಗಿ ಉಳಿದುಬಿಟ್ಟಿದೆ!

ಬೆರಳಚ್ಚಿನ ವಿಷಯದಲ್ಲಿ ಬಡ ಮಹಿಳೆಯರೂ ಮೋಸ ಹೋಗುವುದುಂಟು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾದ ಬಳಿಕ, ಅದುವರೆಗೆ ಬ್ಯಾಂಕಿನ ಮೆಟ್ಟಿಲೇರದಿದ್ದ ಅನೇಕ ತಾಯಂದಿರ ಖಾತೆಗಳಿಗೆ ತಿಂಗಳಿಗೆ 2,000 ರೂಪಾಯಿಯಂತೆ ಹಣ ಬರತೊಡಗಿತು. ಅದನ್ನು ಪಡೆಯಲು ಓಣಿಯ ತುದಿಯ ಸೇವಾ ಕೇಂದ್ರಕ್ಕೆ ಹೋದರೆ, ‘ಬೆರಳು ಸರಿಯಾಗಿ ತಾಗಲಿಲ್ಲ, ಇನ್ನೊಮ್ಮೆ ಒತ್ತಮ್ಮಾ’ ಎನ್ನುವವರಿದ್ದಾರೆ. ಮೊದಲ ಸಲ ಒತ್ತಿದ್ದು ಆತನಿಗೆ, ಎರಡನೆಯ ಸಲದ್ದು ಈಕೆಗೆ. ಎಲ್ಲರೂ ಹೀಗೆಂದು ಹೇಳುತ್ತಿಲ್ಲ. ಪ್ರಾಮಾಣಿಕವಾಗಿ ದುಡಿಯುವವರೇ ಹೆಚ್ಚು. ಆದರೆ ಪ್ರತಿ ಬಾರಿ ಒತ್ತಿದಾಗಲೂ ರಶೀದಿ ಕೇಳುವುದು, ತಿಂಗಳಿಗೊಮ್ಮೆಯಾದರೂ ಪಾಸ್‌ಬುಕ್ ಮುದ್ರಿಸಿಕೊಳ್ಳುವುದು ಯಾರಿಗೂ ಅವಮಾನವಲ್ಲ. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನು ಇರಿಸಿಕೊಳ್ಳಿ ಎಂದು ಪವಿತ್ರ ಕುರ್‌ಆನ್ ವಿವರವಾಗಿ ಆದೇಶಿಸುವುದು ಅದರ ಅತಿ ದೀರ್ಘ ಸೂಕ್ತದಲ್ಲಿ. ಲೆಕ್ಕ ಕೇಳುವುದನ್ನು ಅಪನಂಬಿಕೆಯೆಂದು ಭಾವಿಸುವ ದಾಕ್ಷಿಣ್ಯ ಎಲ್ಲಿಂದ ನಮ್ಮೊಳಗೆ ಸೇರಿಕೊಂಡಿತು?

ಈವರೆಗೆ ಹೇಳಿದ್ದು ಹಣ ಕಳೆದುಕೊಳ್ಳುವವರ ಬಗ್ಗೆ. ಇದಕ್ಕಿಂತ ಗಂಭೀರವೆಂದು ಈ ಪತ್ರಿಕೆಗೆ ಅನ್ನಿಸುವ ಮತ್ತು ನಮ್ಮ ಮನೆಗಳಲ್ಲಿ ಯಾರೂ ಮಾತಾಡದ ಇನ್ನೊಂದು ಮಗ್ಗುಲಿದೆ. ದೋಚಿದ ಹಣ ಎಲ್ಲಿಗೆ ಹೋಗುತ್ತದೆ? ವಂಚಕನು ತನ್ನದೇ ಹೆಸರಿನ ಖಾತೆಗೆ ಅದನ್ನು ಹಾಕಿಸಿಕೊಳ್ಳುವಷ್ಟು ದಡ್ಡನಲ್ಲ. ಆತನಿಗೆ ಬೇರೆಯವರ ಖಾತೆ ಬೇಕು. ಕಾಲೇಜು ಬಿಟ್ಟು ಕೆಲಸವಿಲ್ಲದೆ ತಿರುಗುವ ಇಪ್ಪತ್ತರ ಯುವಕನನ್ನು ಗೆಳೆಯನೊಬ್ಬ ಭೇಟಿಯಾಗುತ್ತಾನೆ. ‘ನಿನ್ನ ಹೆಸರಲ್ಲಿ ಒಂದು ಖಾತೆ ತೆರೆದು ಎಟಿಎಂ ಕಾರ್ಡ್, ಚೆಕ್‌ಬುಕ್ ಮತ್ತು ಸಿಮ್ ಕೊಡು, ಬರುವ ಹಣದಲ್ಲಿ ನಿನಗೂ ಪಾಲಿದೆ, ನೀನೇನೂ ಮಾಡಬೇಕಾಗಿಲ್ಲ’ ಎನ್ನುತ್ತಾನೆ. ಪೊಲೀಸರ ಭಾಷೆಯಲ್ಲಿ ಇದು ಮ್ಯೂಲ್ ಖಾತೆ, ಅಂದರೆ ಹೇಸರಗತ್ತೆ. ಹೊರೆ ಹೊರುವುದು ಗೊತ್ತು, ಹೊರೆಯಲ್ಲೇನಿದೆ ಗೊತ್ತಿಲ್ಲ. 2025ರ ಜೂನ್‌ನಲ್ಲಿ ಐದು ರಾಜ್ಯಗಳಲ್ಲಿ ದಾಳಿ ನಡೆಸಿದ ಸಿಬಿಐ, ದೇಶದ 700ಕ್ಕೂ ಅಧಿಕ ಬ್ಯಾಂಕ್ ಶಾಖೆಗಳಲ್ಲಿ ಇಂಥ ಸುಮಾರು 8.5 ಲಕ್ಷ ಖಾತೆಗಳಿವೆಯೆಂದು ಹೇಳಿತು. ಇವುಗಳನ್ನು ಪತ್ತೆ ಹಚ್ಚುವುದಕ್ಕೆಂದೇ ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕಿನ ಇನೋವೇಶನ್ ಹಬ್ ಮ್ಯೂಲ್‌ಹಂಟರ್ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿದೆ.

ಆ ಯುವಕನಿಗೆ ಸಿಗುವುದು ಕೆಲವು ಸಾವಿರ ರೂಪಾಯಿ. ಅಂಬಾಲದ ವೃದ್ಧೆಯಂಥವರ ಕಣ್ಣೀರು ಅದರಲ್ಲಿದೆ ಎಂಬುದು ಆತನಿಗೆ ಕಾಣಿಸುವುದಿಲ್ಲ. ಆದರೆ ಒಂದು ಬೆಳಿಗ್ಗೆ ಹೈದರಾಬಾದಿನದೋ ಗುಜರಾತಿನದೋ ಪೊಲೀಸರು ಆತನ ತಂದೆಯ ಮನೆಯ ಬಾಗಿಲು ತಟ್ಟುತ್ತಾರೆ. ಈ ಬಾರಿ ಅದು ವೀಡಿಯೋ ಕರೆ ಅಲ್ಲ, ನಿಜವಾದ ಪೊಲೀಸರು. ಯಾಕೆಂದರೆ ಕಾನೂನಿನ ಕಡತದಲ್ಲಿರುವುದು ಆತನ ಹೆಸರು, ಆತನ ಫೋಟೋ, ಆತನ ಸಹಿ. ವಂಚನೆಯ ಕಲಮುಗಳ ಜೊತೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ ಕಲಮುಗಳೂ ಸೇರಿಕೊಳ್ಳಬಹುದು. ಇವೆರಡಕ್ಕೂ ಮೂರು ವರ್ಷಗಳ ವರೆಗೆ ಜೈಲುಶಿಕ್ಷೆಯಿದೆ. ಶಿಕ್ಷೆಯಾಗಲಿ ಬಿಡಲಿ, ಪ್ರಕರಣ ಇರುವಷ್ಟು ಕಾಲ ಪೊಲೀಸ್ ನಿರಾಕ್ಷೇಪಣಾ ಪತ್ರ ಸಿಗುವುದು ಕಷ್ಟ. ಆ ಪತ್ರವನ್ನು ಕೇಳುವ ದೇಶಗಳ ವೀಸಾ ಕನಸು ಅಲ್ಲಿಗೆ ಮುಗಿಯಿತು. ಮರುದಿನ ಪತ್ರಿಕೆಗಳಲ್ಲಿ ಆತನ ಹೆಸರು ಯಾವ ಗಾತ್ರದ ಅಕ್ಷರಗಳಲ್ಲಿ ಬರಬಹುದು, ಚಾನೆಲ್‌ಗಳು ಅದಕ್ಕೆ ಯಾವ ಬಣ್ಣ ಬಳಿಯಬಹುದು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಆದರೆ ಮಾಧ್ಯಮದ ಪೂರ್ವಗ್ರಹವನ್ನು ಮುಂದಿಟ್ಟು ಮಗನ ತಪ್ಪನ್ನು ಮುಚ್ಚಿಕೊಳ್ಳಲೂ ಆಗದು. ಕದ್ದ ಹಣದ ಮೇಲಿನ ಕಮಿಶನ್ ಹಲಾಲ್ ಆಗುವುದಿಲ್ಲ. ನಾನು ಕದಿಯಲಿಲ್ಲ, ಖಾತೆ ಮಾತ್ರ ಕೊಟ್ಟೆ ಎಂಬ ಸಮಜಾಯಿಷಿ ನ್ಯಾಯಾಲಯದಲ್ಲಿ ನಿಲ್ಲುವುದೂ ಕಷ್ಟ.

ಏನೂ ಅರಿಯದವರೂ ಈ ಬಲೆಯಲ್ಲಿ ಸಿಲುಕುತ್ತಾರೆ. ಬಟ್ಟೆ ಅಂಗಡಿಯವರಿಗೆ ಗಿರಾಕಿಯೊಬ್ಬ ಯುಪಿಐ ಮೂಲಕ ಪಾವತಿಸಿದ ಹಣ ಕದ್ದದ್ದಾಗಿದ್ದರೆ, ತನಿಖೆಯ ಎಳೆ ಅವರ ಖಾತೆಯ ವರೆಗೂ ಬರುತ್ತದೆ ಮತ್ತು ಖಾತೆಗೆ ತಡೆ ಬೀಳುತ್ತದೆ. ಆಗ ಉಪಯೋಗಕ್ಕೆ ಬರುವುದು ಬಿಲ್ ಪುಸ್ತಕ ಮಾತ್ರ. ಬಿಲ್ ಬರೆಯದೇ ವ್ಯಾಪಾರ ಮಾಡುವ ನಮ್ಮ ಸಣ್ಣ ವ್ಯಾಪಾರಿಗಳು ಈ ಒಂದು ಕಾರಣಕ್ಕಾದರೂ ಬಿಲ್ ಬರೆಯಬೇಕು. ಅಪರಿಚಿತನೊಬ್ಬ ‘ತಪ್ಪಿ ಹಣ ಬಂದಿದೆ, ವಾಪಸು ಕಳಿಸಿ’ ಎಂದರೆ ಕೂಡಲೇ ಕಳಿಸದೆ ಬ್ಯಾಂಕಿಗೆ ತಿಳಿಸಬೇಕು.

ವಂಚನೆ ಎಂದಾಗ 2019ರ ಜೂನ್ ತಿಂಗಳನ್ನು ಮರೆಯುವುದಾದರೂ ಹೇಗೆ? ಐಎಂಎ ಎಂಬ ಬೆಂಗಳೂರಿನ ಸಂಸ್ಥೆ ಹಲಾಲ್ ಲಾಭದ ಹೆಸರಲ್ಲಿ ಸಾವಿರಾರು ಮುಸ್ಲಿಮ್ ಕುಟುಂಬಗಳ ಹಣವನ್ನು ನುಂಗಿ ಬಾಗಿಲು ಮುಚ್ಚಿದಾಗ, ಶಿವಾಜಿನಗರದ ಬೀದಿಯಲ್ಲಿ ದೂರು ನೀಡಲು ಸಾಲುಗಟ್ಟಿ ನಿಂತಿದ್ದ ಬುರ್ಖಾಧಾರಿ ಮಹಿಳೆಯರ ಚಿತ್ರ ಇನ್ನೂ ಕಣ್ಣಮುಂದಿದೆ. ಮಗಳ ಮದುವೆಗೆ ಕೂಡಿಟ್ಟ ಹಣ, ಗಂಡನ ನಿವೃತ್ತಿಯ ಹಣ, ಮಾರಿದ ಚಿನ್ನದ ಹಣ. ಅಲ್ಲಿ ಯಾರೂ ಅವರ ಓಟಿಪಿ ಕದಿಯಲಿಲ್ಲ. ಕದ್ದದ್ದು ಅವರ ನಂಬಿಕೆಯನ್ನು. ಅವರನ್ನು ಆಸೆಬುರುಕರೆಂದು ಜರೆದವರಿದ್ದರು. ಅದು ಅನ್ಯಾಯದ ಮಾತು. ಬಡ್ಡಿ ಬೇಡ ಎಂಬ ಕಾರಣಕ್ಕಾಗಿ ನಿಶ್ಚಿತ ಠೇವಣಿಯಿಂದ ದೂರ ನಿಂತವರಿಗೆ ಈ ದೇಶ ಯಾವ ಪರ್ಯಾಯವನ್ನು ಕೊಟ್ಟಿದೆ? 2008ರಲ್ಲಿ ರಘುರಾಮ್ ರಾಜನ್ ಸಮಿತಿಯು ಬಡ್ಡಿರಹಿತ ಬ್ಯಾಂಕಿಂಗನ್ನು ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪವನ್ನು ಕೈಬಿಟ್ಟಿತು. ಆ ಖಾಲಿ ಜಾಗದಲ್ಲೇ ವಂಚಕರು ತಂಬು ಹೂಡುವುದು. ಇಂದು ಅದೇ ತಂಬು ವಾಟ್ಸ್ಆ್ಯಪ್, ಟೆಲಿಗ್ರಾಮ್ ಗುಂಪುಗಳಿಗೆ ಸ್ಥಳಾಂತರಗೊಂಡಿದೆ. ಶೇರು ವ್ಯವಹಾರದ ಹೆಸರಿನ ವಂಚನೆಯಲ್ಲಿ 2024ರ ಮೊದಲ ನಾಲ್ಕು ತಿಂಗಳಲ್ಲೇ ಜನರು 1,420 ಕೋಟಿ ರೂಪಾಯಿ ಕಳೆದುಕೊಂಡರೆ, ಅದೇ ಅವಧಿಯಲ್ಲಿ ಡಿಜಿಟಲ್ ಬಂಧನದಲ್ಲಿ ಹೋದದ್ದು 120 ಕೋಟಿ. ಭಯಕ್ಕಿಂತ ಆಮಿಷ ಹೆಚ್ಚು ದೋಚುತ್ತಿದೆ. ಓರ್ವ ವಿದ್ವಾಂಸರ ಭಾವಚಿತ್ರವೋ ರಾಜಕಾರಣಿಯ ಶುಭಾಶಯವೋ ಯಾವ ಕಂಪೆನಿಗೂ ಪರವಾನಿಗೆಯಲ್ಲ. ಹಣ ಸಂಗ್ರಹಿಸಲು ಸೆಬಿಯ ಅಥವಾ ರಿಸರ್ವ್ ಬ್ಯಾಂಕಿನ ನೋಂದಣಿ ಇದೆಯೇ ಎಂದು ಕೇಳಬೇಕು. ತೋರಿಸಿದ ಕಾಗದವನ್ನು ನಂಬದೆ ಆ ಸಂಸ್ಥೆಗಳ ಜಾಲತಾಣದಲ್ಲೇ ನೋಡಬೇಕು.

ಇನ್ನು, ಮೋಸ ನಡೆದೇ ಬಿಟ್ಟರೆ? ಹಣ ಹೋದ ಮೊದಲ ಗಂಟೆ ಅಮೂಲ್ಯವಾದುದು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಜಿಗಿಯುತ್ತಾ ಕೊನೆಗೆ ಎಟಿಎಂ ಮೂಲಕವೋ ಕ್ರಿಪ್ಟೋ ಆಗಿಯೋ ಕಣ್ಮರೆಯಾಗುತ್ತದೆ. 1930 ಸಂಖ್ಯೆಗೆ ಕರೆ ಮಾಡಿದರೆ ದೂರು ಆ ಸರಪಳಿಯ ಬ್ಯಾಂಕುಗಳಿಗೆ ತಲುಪಿ, ಹಣ ಇನ್ನೂ ಎಲ್ಲಿ ಉಳಿದಿದೆಯೋ ಅಲ್ಲೇ ತಡೆಯುವ ವ್ಯವಸ್ಥೆ 2021ರಿಂದ ಇದೆ. ಕರೆ ಮಾಡುವಾಗ ವಹಿವಾಟಿನ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಬೇಕು. ಜೊತೆಗೇ ನಿಮ್ಮ ಬ್ಯಾಂಕಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಗ್ರಾಹಕನ ತಪ್ಪಿಲ್ಲದೆ ಮೂರನೆಯವರ ಕೃತ್ಯದಿಂದ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಯಾವ ಹೊಣೆಯೂ ಇಲ್ಲ ಎಂದು 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತು. ತಪ್ಪು ಗ್ರಾಹಕನದ್ದೆಂದು ಸಾಬೀತುಪಡಿಸುವ ಹೊಣೆಯನ್ನು ಅದು ಬ್ಯಾಂಕಿನ ಮೇಲೆ ಹೊರಿಸಿತು. ಓಟಿಪಿಯನ್ನು ನಾವಾಗಿ ಹೇಳಿಕೊಟ್ಟ ಪ್ರಕರಣಗಳಿಗೆ ಈ ರಕ್ಷಣೆಯನ್ನು ಅದು ಕೊಡಲಿಲ್ಲ. ಆದರೂ ದೂರು ಕೊಟ್ಟ ನಂತರ ಹೋದ ಹಣಕ್ಕೆ ಬ್ಯಾಂಕೇ ಹೊಣೆ ಎಂದಿತು. ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದು ಠಾಣೆಯಲ್ಲಿ ಹೇಳಿದರೆ, ವ್ಯಾಪ್ತಿ ಯಾವುದೇ ಇರಲಿ ದೂರು ಸ್ವೀಕರಿಸಬೇಕೆಂದು ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ ಎಂಬುದನ್ನು ವಿನಯದಿಂದಲೇ ನೆನಪಿಸಬಹುದು. ಇದ್ದಕ್ಕಿದ್ದಂತೆ ಮೊಬೈಲ್‌ನ ನೆಟ್‌ವರ್ಕ್ ಹೋಗಿ ಗಂಟೆಗಟ್ಟಲೆ ಬಾರದಿದ್ದರೆ, ನಿಮ್ಮ ಸಿಮ್‌ನ ನಕಲನ್ನು ಇನ್ನಾರೋ ಪಡೆದಿರಬಹುದೆಂದು ಶಂಕಿಸಿ ಬ್ಯಾಂಕಿಗೆ ಮೊದಲು ತಿಳಿಸುವುದು ಉತ್ತಮ. ಹೋದ ಹಣವನ್ನು ತರಿಸಿಕೊಡುತ್ತೇವೆ, ಶುಲ್ಕ ಕಟ್ಟಿ ಎಂದು ಬರುವವರು ಎರಡನೆಯ ಬಾರಿ ದೋಚಲು ಬಂದವರು.

ಆದರೆ ಈ ಮೊದಲ ಗಂಟೆಯನ್ನು ನಾವು ಕಳೆದುಕೊಳ್ಳುವುದು ಮನೆಯೊಳಗೆ. ಪತ್ನಿ ಪತಿಗೆ ಹೆದರುತ್ತಾಳೆ. ತಂದೆ ಮಕ್ಕಳ ಮುಂದೆ ಸಣ್ಣವನಾಗಲು ನಾಚುತ್ತಾನೆ. ಮಗಳು ಹೇಳಿದರೆ ಮೊಬೈಲೇ ಕೈತಪ್ಪೀತೆಂದು ಸುಮ್ಮನಾಗುತ್ತಾಳೆ. ‘ನಿನಗೆ ಬುದ್ಧಿ ಬೇಡವೇ’ ಎಂಬ ಗದರಿಕೆ ಕಾದಿರುವ ಮನೆಯಲ್ಲಿ ಸತ್ಯ ಹೊರಬರುವುದು ಮೂರನೆಯ ದಿನ. ಅಷ್ಟರಲ್ಲಿ ಹಣ ಹತ್ತು ಖಾತೆ ದಾಟಿರುತ್ತದೆ. ಯಾರಿಗೂ ಹೇಳಬೇಡ ಎಂದ ವಂಚಕನ ಆಜ್ಞೆಯನ್ನು ನಾವೇ ನಮ್ಮ ಸಿಟ್ಟಿನಿಂದ ಜಾರಿ ಮಾಡುತ್ತಿದ್ದೇವೆ. ಮೋಸ ಹೋದವರು ಅಪರಾಧಿಗಳಲ್ಲ ಎಂಬುದನ್ನು ಮೊದಲು ಮನೆಯ ಯಜಮಾನರು ಒಪ್ಪಿಕೊಳ್ಳಬೇಕಾಗಿದೆ.

ಮಸೀದಿಗಳ ಆಡಳಿತ ಸಮಿತಿಗಳು ಮನಸ್ಸು ಮಾಡಿದರೆ ಒಂದು ಶುಕ್ರವಾರ ಸಾಕು. ಜುಮಾದ ಬಳಿಕ ಹೊರಾಂಗಣದಲ್ಲಿ ಒಂದು ಮೇಜು, ಇಬ್ಬರು ವಿದ್ಯಾವಂತ ಯುವಕರು, ಮಹಿಳೆಯರಿಗೆ ಪ್ರತ್ಯೇಕವಾಗಿ ಇಬ್ಬರು ಯುವತಿಯರು. 2023ರಲ್ಲಿ ದೂರಸಂಪರ್ಕ ಇಲಾಖೆ ಆರಂಭಿಸಿದ ಸಂಚಾರ ಸಾಥಿ ಜಾಲತಾಣದಲ್ಲಿ ಪ್ರತಿಯೊಬ್ಬರ ಹೆಸರಲ್ಲಿ ಎಷ್ಟು ಸಿಮ್‌ಗಳಿವೆಯೆಂದು ನೋಡಿ, ತಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಬಹುದು. ಹಿರಿಯರ ಬೆರಳಚ್ಚಿಗೆ ಬೀಗ ಹಾಕಿಕೊಡಬಹುದು. ತಮ್ಮ ಹೆಸರಲ್ಲಿ ಬೇರೆ ಯಾರಾದರೂ ಸಾಲ ಎತ್ತಿದ್ದಾರೆಯೇ ಎಂಬುದನ್ನು ತಿಳಿಯಲು ಸಿಬಿಲ್‌ನಂಥ ಪ್ರತಿ ಸಾಲಮಾಹಿತಿ ಸಂಸ್ಥೆಯಿಂದ ವರ್ಷಕ್ಕೊಂದು ವರದಿ ಉಚಿತವಾಗಿ ಸಿಗುತ್ತದೆ, ಅದನ್ನು ತೆಗೆಸಿಕೊಡಬಹುದು. ಒಂದೇ ಷರತ್ತು: ಆ ಮೇಜಿನ ಮೇಲೆ ಯಾರ ಓಟಿಪಿಯನ್ನೂ ಬರೆದಿಡಬಾರದು, ಯಾರ ಆಧಾರ್ ಪ್ರತಿಯೂ ಉಳಿಯಬಾರದು.

ಮತ್ತು, ಈ ಸಾಲುಗಳನ್ನು ಓದುತ್ತಿರುವ ಯಾವುದಾದರೂ ಮನೆಯ ಮಗ ಈಗಾಗಲೇ ಗೆಳೆಯನಿಗೆ ಖಾತೆ ಕೊಟ್ಟಿದ್ದರೆ, ಪೊಲೀಸರು ಬರುವ ತನಕ ಕಾಯಬೇಡಿ. ಗದರಿಸದೆ ಕೇಳಿ. ಓರ್ವ ವಕೀಲರನ್ನು ಕಂಡು, ನಾಳೆಯೇ ಆತನನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ. ಕಾರ್ಡು ಮತ್ತು ಖಾತೆಯನ್ನು ಸ್ಥಗಿತಗೊಳಿಸುವಂತೆ ಲಿಖಿತವಾಗಿ ಕೊಡಿ. ಆ ಸಿಮ್ ಅನ್ನು ರದ್ದುಗೊಳಿಸಿ. ಯಾರಿಗೆ, ಯಾವಾಗ, ಏನು ಹೇಳಿ ಕೊಟ್ಟದ್ದು ಎಂಬುದನ್ನು ವಕೀಲರ ಸಲಹೆಯಂತೆ ಜಿಲ್ಲೆಯ ಸೈಬರ್ ಅಪರಾಧ ಠಾಣೆಗೆ ಬರೆದುಕೊಟ್ಟು, ಮೊಹರು ಬಿದ್ದ ಪ್ರತಿಯೊಂದನ್ನು ಮನೆಗೆ ತನ್ನಿ.